ಎರಡು ಬಳೆಯ ಹುಡುಗಿಯ ಸಂಕ್ರಾಂತಿ

ಸಂಕ್ರಾಂತಿಯ ಸಂಜೆ ಮಗಳು ಇಂಚರಳಿಗೆ ರೇಷ್ಮೆ ಲಂಗ ಉಡಿಸಿ, ಎಳ್ಳು ಬೀರಲು ಪಕ್ಕದ ಮನೆಯ ವಿಮಲಾಕ್ಷಮ್ಮನವರಲ್ಲಿಗೆ ಕರೆದುಕೊಂಡು ಹೋದೆ. ನಾವು ಕೊಟ್ಟ ಎಳ್ಳು ತೆಗೆದುಕೊಂಡು, ತಮ್ಮದನ್ನು ಕೊಡುವ ಮೊದಲು ಅವರು ವಾಡಿಕೆಯಂತೆ ಮಗುವಿನ ಕೈ ನೋಡಿದರು.

ಹುಟ್ಟಿದಾಗಲೇ ರಕ್ತ ಪರೀಕ್ಷಿಸಿ ಸರ್ಕಾರ ಬಳೆ ತೊಡಿಸುತ್ತದೆ. ಸಕ್ಕರೆ ಅರಗದ ವಂಶವಾಹಿಗೆ ಕೆಂಪು, ಕೊಬ್ಬು ಕರಗದ್ದಕ್ಕೆ ಹಳದಿ. ಇಂಚರಳಿಗೆ ಎರಡೂ ಇವೆ. ಕೆಂಪು ಅವಳ ಅಪ್ಪನ ಕಡೆಯದು, ಹಳದಿ ನನ್ನದು. ಏಳು ವರ್ಷದ ಮಗುವಿಗೆ ರೋಗವೇನೂ ಇಲ್ಲ. ಐವತ್ತಕ್ಕೆ ಬರಬಹುದಂತೆ, ಅಷ್ಟೇ.

"ತಪ್ಪು ತಿಳ್ಕೋಬೇಡಿ ಕಣ್ರೀ, ಬಳೆ ಇರೋ ಮಕ್ಕಳಿಗೆ ಇದೆಲ್ಲ ಕೊಟ್ರೆ ನಮ್ಮನ್ನೇ ಹಿಡೀತಾರೆ," ಎನ್ನುತ್ತ ಅವರು ಪೊಟ್ಟಣ ಬಿಚ್ಚಿ ಬೆಲ್ಲ, ಸಕ್ಕರೆ ಅಚ್ಚು ಆರಿಸಿ ತೆಗೆದರು. ಆಮೇಲೆ ಕೊಬ್ಬರಿ, ಕಡಲೆಕಾಯಿ ಬೀಜ. ಎಳ್ಳು ತೆಗೆಯಲು ಬಾಗಿಲ ಬಳಿಯೇ ಒಂದು ಪುಟ್ಟ ಜರಡಿ ಇಟ್ಟುಕೊಂಡಿದ್ದರು. ಉಳಿದ ನಾಲ್ಕು ಹುರಿಗಡಲೆಯನ್ನು ಮತ್ತೆ ಪೊಟ್ಟಣ ಕಟ್ಟಿ ಅವಳ ಕೈಗಿಟ್ಟು, ಕೆನ್ನೆ ಸವರಿದರು.

"ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು ಪುಟ್ಟಿ."

ಇಂಚರ ಪೊಟ್ಟಣ ಬಿಚ್ಚಿ ನೋಡಿ ನನ್ನ ಕಡೆ ತಿರುಗಿದಳು.

"ಅಮ್ಮಾ, ಇದ್ರಲ್ಲಿ ಎಳ್ಳೂ ಇಲ್ಲ, ಬೆಲ್ಲಾನೂ ಇಲ್ಲ. ನಾನು ಇವ್ರಿಗೆ ಕೆಟ್ಟ ಮಾತಾಡ್ಬಹುದಾ?"