ನಳದ ಮುಂದಿನ ಬೊಗಸೆ

ಚುರುಮುರಿಯ ಖಾರಕ್ಕೆ ಬಾಯಿ ಉರಿಯುತ್ತಿದ್ದರೂ ಹುಲಿಗೆವ್ವ ಪಾರ್ಕಿನ ನಳದ ಕೆಳಗೆ ಬೊಗಸೆಯೊಡ್ಡಿ ಸುಮ್ಮನೆ ನಿಂತಿದ್ದಳು. ವಿಜಯಪುರದಲ್ಲಿ ಮನೆ ಮಾಡಿದ ಮೇಲೆ ಮಗ ರಾಜಾರಾಮ ಎಲ್ಲರನ್ನೂ ಹೊರಗೆ ಕರೆತಂದ ಮೊದಲ ಭಾನುವಾರವದು.

"ಯವ್ವಾ, ನಳ ನೀನ ತಿರುವು ಬೇ. ಇಲ್ಲಿ ಯಾರೂ ನೀರು ಹಾಕಾಕ ಬರಂಗಿಲ್ಲ."

ಆಕೆ ಅಲುಗಲಿಲ್ಲ. ಊರಲ್ಲಿ ಅರವತ್ತು ವರ್ಷ ನೀರು ಕುಡಿದದ್ದು ಹೀಗೆಯೇ. ಮೇಲ್ಜಾತಿಯವರು ಎತ್ತರದಿಂದ ಹೊಯ್ಯಬೇಕು, ಈಕೆ ಏನನ್ನೂ ಮುಟ್ಟಬಾರದು. ಜೋಕಾಲಿ ಬಿಟ್ಟು ಓಡಿಬಂದ ಆರು ವರ್ಷದ ಮೊಮ್ಮಗಳು ಆಮ್ರಪಾಲಿ ಅಜ್ಜಿಯನ್ನು ನೋಡಿ, ತಾನೂ ಪಕ್ಕದಲ್ಲಿ ಪುಟ್ಟ ಬೊಗಸೆಯೊಡ್ಡಿ ಕಾಯುತ್ತ ನಿಂತಳು.

ರಾಜಾರಾಮ ಮಗಳ ಬೊಗಸೆ ಬಿಡಿಸಿ, ಆ ಕೈಯನ್ನು ನಳದ ಮೇಲಿಟ್ಟ. "ತಿರುವು."

ಹುಲಿಗೆವ್ವ ಥಟ್ಟನೆ ಕೂಸಿನ ಮಣಿಕಟ್ಟು ಹಿಡಿದಳು.

"ಮುಟ್ಟಬ್ಯಾಡವಾ, ಯಾರರೆ ನೋಡ್ಯಾರು."