ಪಂಜರದ ಕೌಜುಗ

ಅಪ್ಪ ತಾನು ಸಾಕಿದ ಹೆಣ್ಣು ಕೌಜುಗವನ್ನು ಪಂಜರದ ಸಮೇತ ಪೊದೆಯ ಪಕ್ಕ ಇಟ್ಟು, ಸುತ್ತಲೂ ಉರುಳು ಹಾಕಿದ. ಹಕ್ಕಿ ಕೂಗಿತು. ಆ ದನಿ ಕೇಳಿ ಕಾಡಿನ ಕೌಜುಗವೊಂದು ಓಡಿಬಂದು ಉರುಳಿಗೆ ಸಿಕ್ಕಿತು. ಅಪ್ಪ ಪಂಜರದೊಳಕ್ಕೆ ಒಂದು ಹಿಡಿ ಗೆದ್ದಲು ಹಾಕಿ, "ಜಾಣೆ" ಎಂದ.

"ತನ್ನೋರನ್ನೇ ಹಿಡ್ಕೊಡ್ತದಲ್ಲಪ್ಪ, ಅದಕ್ಕೆ ಗೊತ್ತಾಗಲ್ವಾ?" ಕಿರಿಮಗಳು ಕೇಳಿದಳು.

"ಅದಕ್ಕೇನವ್ವ ಗೊತ್ತು. ಕೂಗೋದೊಂದೇ ಅದರ ಕೆಲಸ."

ಮನೆಗೆ ಬಂದ ಮೇಲೆ ಅಪ್ಪ ಅವಳ ಕೈಗೆ ಫೋನು ಕೊಟ್ಟ. ಬೇರೆ ಜಾತಿಯವನನ್ನು ಮದುವೆಯಾಗಿ ಊರು ಬಿಟ್ಟಿದ್ದ ಅಕ್ಕ, ತಂಗಿ ಮಾಡಿದರೆ ಮಾತ್ರ ಫೋನು ಎತ್ತುತ್ತಿದ್ದಳು.

"ನನ್ನ ಸಿಟ್ಟೆಲ್ಲ ಇಳೀತು ಅಂತ ಹೇಳವ್ವ. ಹಬ್ಬಕ್ಕೆ ಇಬ್ರೂ ಬರ್ಲಿ."

"ದಿಟವಾಗ್ಲೂ?"

ಅಪ್ಪ ಅವಳ ತಲೆ ಮುಟ್ಟಿದ. "ನಿನ್ನಾಣೆ."

"ಅಕ್ಕಾ, ಭಾವನ್ನೂ ಕರ್ಕೊಂಡು ಬಾರೆ," ಎಂದಳು ಅವಳು ಫೋನಿನಲ್ಲಿ. "ಅಪ್ಪ ನನ್ನ ತಲೆ ಮುಟ್ಟಿ ಆಣೆ ಮಾಡೈತೆ."

ಹಬ್ಬದ ದಿನ ಇಬ್ಬರೂ ಬಸ್ಸಿಳಿದರು. ಎದುರಿಗೆ ನಿಂತಿದ್ದ ತಂಗಿಯನ್ನು ಕಂಡು ಅಕ್ಕ ನಗುತ್ತಾ ಓಡಿಬಂದಳು. ಅಷ್ಟರಲ್ಲಿ ಬೇಲಿಯ ಹಿಂದಿನಿಂದ ಚಿಕ್ಕಪ್ಪಂದಿರು ದೊಣ್ಣೆ ಹಿಡಿದು ಎದ್ದರು.

ತಂಗಿ ಚೀರುತ್ತಲೇ ಇದ್ದಳು. ಅಪ್ಪ ಜೇಬಿನಿಂದ ಕೊಬ್ಬರಿ ಮಿಠಾಯಿ ತೆಗೆದು ಅವಳ ಕೈಗಿಟ್ಟು, "ಜಾಣೆ" ಎಂದ.