ಎಡಗಡೆಯ ಸಮುದ್ರ

ಸಮುದ್ರ ಬಲಗಡೆಗೆ ಕಾಣಿಸಿತು. ತೆಂಗಿನ ಸಾಲು ಮುಗಿಯುತ್ತಲೇ ಒಮ್ಮೆಗೇ, ಯಾರೋ ನೀಲಿ ಬಟ್ಟೆಯ ಥಾನನ್ನು ಝಾಡಿಸಿ ಬಿಚ್ಚಿದ ಹಾಗೆ. ವ್ಯಾನು ಓಡಿಸುತ್ತಿದ್ದವಳು, ಅಡ್ಡಹೆಸರು ಬಿರುಗಾಳಿ, ಹಾರನ್ನಿನ ಮೇಲೆ ಊರಿದ ಅಂಗೈಯನ್ನು ತೆಗೆಯಲೇ ಇಲ್ಲ. ನಡುವೆ ಕುಳಿತಿದ್ದ ಕಟಿಂಗ್ ಅಕ್ಕ, ಅಂಗಡಿಯಲ್ಲಿ ನಕ್ಕದ್ದನ್ನೇ ಯಾರೂ ಕಂಡಿರದವಳು, ಚಪ್ಪಲಿ ಕಳಚಿ ಸೀಟಿನ ಮೇಲೆ ಕಾಲು ಮಡಿಸಿಕೊಂಡು ಸಣ್ಣ ಹುಡುಗಿಯಂತೆ ಕುಣಿದಾಡಿದಳು. ಕಿಟಕಿಯ ಪಕ್ಕದ ಕಾಜಾ ಮಾತ್ರ ಮಡಿಲಲ್ಲಿದ್ದ ಖಾಕಿ ಕಾಗದ ನೋಡಿದಳು. ಕಾಗದದಲ್ಲಿ ಸಮುದ್ರ ಎಡಗಡೆಗಿತ್ತು.

ಮೂವರೂ ಒಂದೇ ಹೊಲಿಗೆ ಅಂಗಡಿಯವರು. ಬಟ್ಟೆ ಕತ್ತರಿಸುವ ಕೆಲಸ ಅಕ್ಕನದು. ಮೆಷಿನ್ನು ತುಳಿಯುವ ರಭಸಕ್ಕೆ ಒಬ್ಬಳು ಬಿರುಗಾಳಿಯಾದರೆ, ಆರು ವರ್ಷದಿಂದ ಬರೀ ಕಾಜಾ, ಅಂದರೆ ಗುಂಡಿಯ ತೂತು, ಹೊಲಿದು ಗುಂಡಿ ಹಾಕುತ್ತಿದ್ದವಳಿಗೆ ಕೆಲಸವೇ ಹೆಸರಾಗಿ ಅಂಟಿಕೊಂಡಿತ್ತು. ಮೂರು ವರ್ಷ ಊಟದ ಹೊತ್ತಿನಲ್ಲಿ ಬರೀ ಮಾತಾಗಿದ್ದ ಪ್ರಯಾಣ ಇಂದು ಹೊರಟಿತ್ತು. ಬಿರುಗಾಳಿಯ ಅಣ್ಣ ಬ್ರೆಡ್ಡು ಹಂಚುವ ತನ್ನ ವ್ಯಾನನ್ನು ಒಂದು ದಿನಕ್ಕೆ ಕೊಟ್ಟಿದ್ದ. ನದಿ ಸಮುದ್ರ ಸೇರುವಲ್ಲಿ ಗಾಡಿಗಳನ್ನು ದಾಟಿಸುವ ದೋಣಿಯಿತ್ತು, ನಾಲ್ಕು ಗಂಟೆಯದೇ ಕೊನೆಯದು. ಆಚೆ ದಡದಲ್ಲಿ ಮೂರು ಕಡೆಯೂ ಸಮುದ್ರವಿರುವ ಮರಳ ದಂಡೆ. ರಜೆಯಲ್ಲೂ ಫೋನು ಮಾಡಿ ಗುಂಡಿಯ ಡಬ್ಬಿ ಎಲ್ಲಿ ಎಂದು ಕೇಳುವ ಯಜಮಾನರಿಗೆ ಹೆದರಿ ಮೂರೂ ಫೋನುಗಳನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರು. ಈಗ ಅವು ಯಜಮಾನರದೇ ಮೇಜಿನ ಡ್ರಾಯರಿನಲ್ಲಿ ಬಡಿದುಕೊಳ್ಳುತ್ತಿರುತ್ತವೆ ಎಂದು ಬಿರುಗಾಳಿ ಬೆಳಗಿನಿಂದ ನಾಲ್ಕು ಸಲ ಹೇಳಿ ನಕ್ಕಿದ್ದಳು.

ದಾರಿಯ ಕಾಗದ ಕಾಜಾಳ ಕೈಕೆಲಸ. ಗಿರಾಕಿಯೊಬ್ಬರು ಕೊಟ್ಟ ನಕಾಶೆಯ ಕೆಳಗೆ ಖಾಕಿ ಕಾಗದ ಹಾಸಿ, ಅಂಗಿಯ ಅಳತೆಯನ್ನು ನಕಲು ಮಾಡುವ ಮುಳ್ಳಿನ ಚಕ್ರವನ್ನು ದಾರಿಯುದ್ದಕ್ಕೂ ಉರುಳಿಸಿ, ಸಣ್ಣ ಸಣ್ಣ ತೂತಿನ ಗೆರೆ ಎಬ್ಬಿಸಿದ್ದಳು. ಆಮೇಲೆ ದೋಣಿ, ಸೇತುವೆ, ಸಮುದ್ರ ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು. ಅದನ್ನು ನಂಬಿ ದೋಣಿ ಮುಟ್ಟಿದರೆ ಸೋಮವಾರದಿಂದ ಕತ್ತರಿ ನಿನ್ನ ಕೈಗೆ ಎಂದಿದ್ದಳು ಅಕ್ಕ. ಅವಳು ಹೇಳಿದ್ದು ತಮಾಷೆಗೋ ನಿಜಕ್ಕೋ, ಕಾಜಾ ಆ ಮಾತನ್ನು ಗಂಟು ಹಾಕಿ ಇಟ್ಟುಕೊಂಡಿದ್ದಳು.

ಈಗ ಗೆರೆಯ ಮೇಲೆ ಬೆರಳಾಡಿಸಿದಳು. ತೂತುಗಳ ಅಂಚು ತರಿತರಿಯಾಗಿ ಮೇಲೆದ್ದಿತ್ತು. ಮುಳ್ಳು ಚುಚ್ಚಿ ಹೊರಬಂದ ಬದಿ ಇದು, ಕಾಗದದ ಹಿಂಬದಿ. ಅದರ ಮೇಲೆಯೇ ಎಲ್ಲ ಬರೆದಿದ್ದಳು. ಕನ್ನಡಿಯಲ್ಲಿ ಕಂಡಂತೆ ಎಡವೆಲ್ಲ ಬಲ, ಬಲವೆಲ್ಲ ಎಡ. ಬೆಳಗಿನಿಂದ ಒಂದೇ ನೇರ ರಸ್ತೆಯಾದ್ದರಿಂದ ಬಚಾವಾಗಿತ್ತು.

ಸಮುದ್ರ ಮತ್ತೆ ತೆಂಗಿನ ಮರಗಳ ಹಿಂದೆ ಅಡಗಿತು. ಮುಂದೆ ರಸ್ತೆ ಎರಡಾಗಿ ಸೀಳಿತ್ತು. ಎರಡೂ ಒಂದೇ ಥರ, ಕೆಂಪು ಮಣ್ಣು, ಇಕ್ಕೆಲಕ್ಕೂ ಮರ. ನಡುವಿನ ಕಲ್ಲಿನ ಮೇಲಿದ್ದ ಬರಹವನ್ನು ಉಪ್ಪುಗಾಳಿ ಎಂದೋ ತಿಂದು ಮುಗಿಸಿತ್ತು. ಅಕ್ಕನ ಕೈಗಡಿಯಾರದಲ್ಲಿ ನಾಲ್ಕಕ್ಕೆ ಹನ್ನೆರಡು ನಿಮಿಷ ಬಾಕಿ.

ತಪ್ಪು ಒಪ್ಪದೆ ಬರೀ ಬಲಕ್ಕೆ ಎಂದುಬಿಟ್ಟರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಕಾಜಾ ಹಾಗೇ ಹೇಳಿದಳು, ಅರ್ಧ ಗಂಟಲಲ್ಲೇ ಉಳಿಯುವಷ್ಟು ಮೆತ್ತಗೆ. ಬಿರುಗಾಳಿ ಬಗ್ಗಿ ಕಾಗದ ನೋಡಿದಳು.

"ಇದ್ರಲ್ಲಿ ಎಡಕ್ಕಿದೆಯಲ್ಲೇ."

ಇಂಜಿನ್ನು ಗುರುಗುಟ್ಟುತ್ತಿತ್ತು. ಹಿಂದೆ ಬ್ರೆಡ್ಡಿನ ಖಾಲಿ ತಟ್ಟೆಗಳು ಕಿಣಿಕಿಣಿ ನಡುಗುತ್ತಿದ್ದವು.

"ಅಕ್ಕ, ನಾನು ಹಿಂಬದೀಲಿ ಬರೆದುಬಿಟ್ಟಿದ್ದೀನಿ," ಎಂದಳು ಕಾಜಾ. "ದಾರಿ ಪೂರ್ತಿ ಉಲ್ಟಾ."

"ಆಹಾ, ವರ್ಷಕ್ಕೊಂದ್ಸಲ ಬಾಯಿ ಬಿಡೋಳು, ಬಿಟ್ಟಿದ್ದು ಇದಕ್ಕಾ," ಎಂದಳು ಬಿರುಗಾಳಿ.

ಅಕ್ಕ ಕಾಗದ ಕಸಿದು, ತರಿ ಎದ್ದ ಗೆರೆಯ ಮೇಲೆ ಹೆಬ್ಬೆರಳು ಎಳೆದಳು. ಅಷ್ಟೇ ಸಾಕಾಯಿತು. ಬಲಕ್ಕೆ ತಿರುಗಿಸು ಎಂದಳು.

ಬಿರುಗಾಳಿ ತನ್ನ ಹೆಸರು ಉಳಿಸಿಕೊಂಡಳು. ರಸ್ತೆಯಲ್ಲಿ ಗುಂಡಿ ಬಂದಲ್ಲೆಲ್ಲ ಮೂರೂ ತಲೆಗಳು ಚಾವಣಿ ಮುಟ್ಟಿ ಬಂದವು, ತಟ್ಟೆಗಳು ಮೇಳ ಕಟ್ಟಿದವು, ಅಕ್ಕ ಕಿಟಕಿಯಾಚೆಗೂ ಕೇಳುವಂತೆ ನಿಮಿಷ ಎಣಿಸಿದಳು. ದಡದಲ್ಲಿ ದೋಣಿಯವನು ಹಗ್ಗ ಬಿಚ್ಚಿ ಕೈಗೆ ಸುತ್ತಿಕೊಳ್ಳುತ್ತಿದ್ದ. ಹಾರನ್ನು ಕೇಳಿ ತಿರುಗಿದವನು ತಲೆ ಚಚ್ಚಿಕೊಂಡು ಹಲಗೆಯನ್ನು ಮತ್ತೆ ಕೆಳಗಿಳಿಸಿದ. ವ್ಯಾನು ಧಡ್ ಎಂದು ಹತ್ತಿ ನಿಂತಿತು. ಕಾಲ ಕೆಳಗೆ ನೀರು ತೂಗತೊಡಗಿತು.

ಬಿರುಗಾಳಿ ಸ್ಟೇರಿಂಗಿಗೆ ಹಣೆ ಒತ್ತಿ ನಗುತ್ತಿದ್ದಳು. ಕಾಜಾ ಮಾತ್ರ ಉಗುರು ನೋಡಿಕೊಳ್ಳುತ್ತ, ಸೋಮವಾರ ತಾನು ಗುಂಡಿ ಡಬ್ಬಿಯ ಹತ್ತಿರವೇ ಕೂರುತ್ತೇನೆ ಎಂದಳು.

ಅಕ್ಕ ಕಾಲು ಕೆಳಗಿಳಿಸಿ ಚಪ್ಪಲಿ ಮೆಟ್ಟಿಕೊಂಡಳು. ಆಮೇಲೆ, "ಕತ್ತರಿ ಹಿಡಿದ ಮೊದಲ ವಾರ ನಾನು ಒಂದು ಕೋಟಿನ ಎರಡೂ ತೋಳನ್ನ ಎಡತೋಳಾಗೇ ಕತ್ತರಿಸಿದ್ದೆ," ಎಂದಳು. "ತಪ್ಪು ಆಗಲೇ ಗೊತ್ತಾಯ್ತು. ಬಾಯಿ ಬಿಡ್ಲಿಲ್ಲ. ಈ ಬಿರುಗಾಳಿ ಹಾಗೇ ಹೊಲಿದ್ಲು."

ಬಿರುಗಾಳಿಯ ನಗು ನಿಂತಿತು. "ಆ ಕೋಟು ನಿಂದಾ? ಹತ್ತು ವರ್ಷದಿಂದ ಯಜಮಾನರ ಹತ್ರ ಬೈಸ್ಕೊಳ್ತಿರೋದು ನಾನು."

"ಅದಕ್ಕೇ ಹೇಳ್ತಿದ್ದೀನಿ," ಎಂದಳು ಅಕ್ಕ, ಅವಳ ಕಡೆ ನೋಡದೆ. ಆಮೇಲೆ ಕಾಜಾಳಿಗೆ, "ನೀನು ಸೋಮವಾರ ಬಲ ಹೆಬ್ಬೆರಳಿನ ಉಗುರು ಕತ್ತರಿಸಿಕೊಂಡು ಬಾ. ಕತ್ತರಿಯ ಹಿಡಿಗೆ ಸಿಕ್ಕಿಕೊಳ್ಳುತ್ತೆ."

ಅಕ್ಕ ಖಾಕಿ ಕಾಗದವನ್ನು ಸರಿಬದಿಗೆ ತಿರುವಿ ಮುಂದಿನ ಗಾಜಿಗೆ ಹಿಡಿದಳು. ನೀರಿನ ಮೇಲಿಂದ ಬಂದ ಬಿಸಿಲು ಒಂದೊಂದು ತೂತಿನಲ್ಲೂ ನುಗ್ಗಿತು. ಬೆಳಗಿನಿಂದ ಬಂದ ದಾರಿ ಪೂರ್ತಿ ಬೆಳಕಿನ ಹೊಲಿಗೆಯಾಗಿ ಕಾಜಾಳ ಬಲ ಅಂಗೈಯ ಮೇಲೆ ಬಂದು ಬಿತ್ತು.